ನರನೋವಿಗೆ ಯಾವ ಔಷಧ?

ಪ್ರಶ್ನೆ: ಮಧುಮೇಹದಿಂದಾಗಿ ಪಾದಗಳಲ್ಲಿ ಬಹುಕಾಲದಿಂದ ಉರಿಯಿದೆ. ಸಾಮಾನ್ಯ ನೋವಿನ ಮಾತ್ರೆಗಳಿಂದ ಪ್ರಯೋಜನವಾಗಿಲ್ಲ. ವೈದ್ಯರು ಖಿನ್ನತೆಯ ಔಷಧವನ್ನು ಸೂಚಿಸಿದ್ದಾರೆ. ನನಗೆ ಖಿನ್ನತೆಯಿಲ್ಲವಲ್ಲ, ಇದೇಕೆ?

ಉತ್ತರ: ನಿಮ್ಮ ನೋವು ನಿಜವಾದದ್ದೇ, ಅದು ಮನಸ್ಸಿನ ಕಲ್ಪನೆಯೆಂದು ವೈದ್ಯರು ಭಾವಿಸಿದ್ದಾರೆಂದು ದಯವಿಟ್ಟು ತಿಳಿಯಬೇಡಿ. ಹಾನಿಗೊಂಡ ನರಗಳು ತಾವಾಗಿಯೇ ನೋವಿನ ಸಂಕೇತಗಳನ್ನು ಕಳುಹಿಸುವುದರಿಂದ, ಉರಿಯೂತವನ್ನು ತಗ್ಗಿಸುವ ಐಬುಪ್ರೊಫೇನ್‌ನಂಥ ಮಾತ್ರೆಗಳು ಇಲ್ಲಿ ಹೆಚ್ಚು ಫಲ ಕೊಡುವುದಿಲ್ಲ. ಖಿನ್ನತೆಗೆ ಬಳಸುವ ಡುಲೋಕ್ಸೆಟಿನ್ ಮತ್ತು ಅಮಿಟ್ರಿಪ್ಟಿಲಿನ್ ಮೆದುಳುಬಳ್ಳಿಯಲ್ಲಿ ನೋವನ್ನು ತಡೆಯುವ ವ್ಯವಸ್ಥೆಯನ್ನು ಬಲಪಡಿಸುತ್ತವೆ. ಮೂರ್ಛೆರೋಗಕ್ಕೂ ಬಳಸುವ ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್ ನರಗಳ ಅತಿ ಉದ್ರೇಕವನ್ನು ಶಮನಗೊಳಿಸುತ್ತವೆ.

ಪರಿಣಾಮದಲ್ಲಿ ಇವುಗಳ ನಡುವೆ ಭಾರಿ ಅಂತರವಿಲ್ಲವಾದ್ದರಿಂದ, ಆಯ್ಕೆಯು ಬಹುಮಟ್ಟಿಗೆ ರೋಗಿಯ ಇತರ ಕಾಯಿಲೆಗಳನ್ನು ಅವಲಂಬಿಸುತ್ತದೆ. ನಿದ್ರೆ ಬಾರದವರಿಗೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್‌ನಿಂದ ಆರಂಭಿಸುವುದು ಅನುಕೂಲವಾದೀತು, ಆದರೆ ಹೃದಯದ ಲಯದ ತೊಂದರೆ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಅಥವಾ ಪ್ರಾಸ್ಟೇಟ್ ಸಮಸ್ಯೆ ಇರುವ ಹಿರಿಯರಿಗೆ ಅದು ತಕ್ಕುದಲ್ಲ. ಯಕೃತ್ತಿನ ಕಾಯಿಲೆಯಿದ್ದರೆ ಡುಲೋಕ್ಸೆಟಿನ್ ಬೇಡ. ಮೂತ್ರಪಿಂಡಗಳು ದುರ್ಬಲವಾಗಿದ್ದರೆ ಪ್ರಿಗ್ಯಾಬಲಿನ್ ಪ್ರಮಾಣವನ್ನು ಇಳಿಸಲೇಬೇಕು; ಓಪಿಯಾಯ್ಡ್ (ಅಫೀಮಿನ ವರ್ಗದ ಪ್ರಬಲ ನೋವುನಿವಾರಕ) ಮಾತ್ರೆಗಳೊಂದಿಗೆ ಅದು ಉಸಿರಾಟವನ್ನೇ ಕುಗ್ಗಿಸಬಹುದು.

ಯಾವುದನ್ನೇ ಆರಿಸಿದರೂ ಕೆಲವು ವಾರ ಕಾಯಬೇಕಾಗುತ್ತದೆ. ನೋವು ಅರ್ಧದಷ್ಟು ತಗ್ಗಿದರೂ ಅದು ಒಳ್ಳೆಯ ಫಲಿತಾಂಶವೇ. ಪೂರ್ಣ ಶಮನದ ಭರವಸೆ ಕೊಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮಂಪರು, ತಲೆಸುತ್ತು ಕಂಡರೆ ಔಷಧವನ್ನು ಥಟ್ಟನೆ ನಿಲ್ಲಿಸದೆ, ವೈದ್ಯರ ಸಲಹೆಯಂತೆ ಕ್ರಮೇಣ ಇಳಿಸಿ.