ಎಂಟು ತಿಂಗಳ ಮಗುವಿನ ಮೊದಲ ಕ್ರಿಸ್ಮಸ್: ಏನು ಕೊಡಬೇಕು, ಏನು ಆಡಿಸಬೇಕು?

ನಿಮ್ಮ ಮಗಳಿಗೆ ಡಿಸೆಂಬರ್‌ನಲ್ಲಿ ಎಂಟು ತಿಂಗಳು ತುಂಬುತ್ತದೆ, ಬೆಂಗಳೂರಿನಲ್ಲಿ ಚಿಕ್ಕ ಫ್ಲ್ಯಾಟ್, ಹಬ್ಬಕ್ಕೆ ಮಂಗಳೂರಿನಿಂದ ಅತ್ತೆ ಮಾವ ಬರುತ್ತಾರೆ, ಆನ್‌ಲೈನಿನಲ್ಲಿ ಮಾರುವ ‘ಸೆನ್ಸರಿ ಕಿಟ್’ಗಳ (ಮುಟ್ಟಿ, ನೋಡಿ, ಕೇಳಿ ಆಡುವ ಸಾಮಾನಿನ ಪೆಟ್ಟಿಗೆಗಳ) ಬೆಲೆ ನೋಡಿ ಗಾಬರಿಯಾಗಿದೆ ಎಂದು ಬರೆದಿದ್ದೀರಿ. ನಾನು ಮಂಗಳೂರಿನವಳು. ಬಹಳ ವರ್ಷಗಳಿಂದ ಶಿಶುಪಾಲನಾ ಕೇಂದ್ರವೊಂದರಲ್ಲಿ ಹಸುಗೂಸುಗಳನ್ನು ನೋಡಿಕೊಳ್ಳುತ್ತಿದ್ದೇನೆ. ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲೂ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಗಡಿಬಿಡಿ. ಆ ಎರಡರ ಅನುಭವದಿಂದ ಹೇಳುತ್ತೇನೆ: ಕಿಟ್ ಬೇಡವೇ ಬೇಡ. ಹಬ್ಬದ ತಯಾರಿ ನಡೆದಿರುವ ಮನೆಯಲ್ಲಿ ಇರುವಷ್ಟು ಪರಿಮಳ, ಸದ್ದು, ಬೆಳಕು ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಅವನ್ನು ಒಂದೊಂದಾಗಿ, ಅವಸರವಿಲ್ಲದೆ, ಮಗುವಿನ ಕೈಗೆ ಎಟಕಿಸಿದರೆ ಸಾಕು.

ಗೋದಲಿಯಿಂದ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಿಂದ, ಶುರು ಮಾಡಿ. ನಮ್ಮ ಕಡೆ ಗೋದಲಿಯ ಸುತ್ತ ಹಸಿರು ಗದ್ದೆ ಬೇಕೆಂದು ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲೇ ತಟ್ಟೆಗಳಲ್ಲಿ ಭತ್ತವನ್ನೋ ರಾಗಿಯನ್ನೋ ಬಿತ್ತುತ್ತಾರೆ. ನಿಮ್ಮ ಅತ್ತೆಗೆ ಇದು ಖಂಡಿತ ಗೊತ್ತಿರುತ್ತದೆ. ಮಗುವಿಗೆಂದೇ ಇನ್ನೊಂದು ತಟ್ಟೆ ಇಡಿ. ಅದರಲ್ಲಿ ಮಣ್ಣು ಬೇಡ, ಒದ್ದೆ ಬಟ್ಟೆಯ ಮೇಲೆ ರಾಗಿ ಚೆಲ್ಲಿ ದಿನವೂ ನೀರು ಚಿಮುಕಿಸಿದರೆ ಸಾಕು. ಪೈರು ಎರಡು ಬೆರಳು ಎತ್ತರ ಬಂದಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಂಗೈಯನ್ನು ಅದರ ಮೇಲೆ ಇರಿಸಿ. ಮೊದಲು ಕೈ ಹಿಂದೆ ಎಳೆದುಕೊಳ್ಳುತ್ತದೆ. ನಿಮ್ಮ ಮುಖ ನೋಡುತ್ತದೆ. ನೀವು ನಕ್ಕರೆ ಮತ್ತೆ ಚಾಚುತ್ತದೆ, ಈ ಬಾರಿ ಬೆರಳುಗಳನ್ನು ಅಗಲಿಸಿ. ಆಮೇಲೆ ಹಿಡಿ ಹಿಡಿಯಾಗಿ ಕಿತ್ತು ಬಾಯಿಗೆ ಒಯ್ಯುತ್ತದೆ, ಆದ್ದರಿಂದ ಕಿತ್ತದ್ದನ್ನು ಬಿಡಿಸಿಕೊಳ್ಳಲು ನಿಮ್ಮ ಇನ್ನೊಂದು ಕೈ ಬಿಡುವಾಗಿರಲಿ. ತಂಪು, ಒದ್ದೆ, ಮೃದು, ಚುಚ್ಚು ಎಲ್ಲವೂ ಆ ಒಂದು ತಟ್ಟೆಯಲ್ಲಿವೆ.

ಅತ್ತೆಯವರು ಕಿಡಿಯೊ ಎಂಬ ಸುರುಳಿ ತಿಂಡಿ ಮಾಡಲು ಕೂತಾಗ, ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಹಿಟ್ಟು ಒತ್ತಿ ಸುರುಳಿ ಸುತ್ತುವುದನ್ನು ಮಗು ನೋಡಲಿ. ಆದರೆ ಆ ಹಸಿ ಮೈದಾ ಹಿಟ್ಟನ್ನು ಅದರ ಕೈಗೆ ಕೊಡಬೇಡಿ. ಬೇಯಿಸದ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿರಬಹುದು, ಎಂಟು ತಿಂಗಳ ಮಗುವಿಗೆ ಕೈಗೆ ಬಂದದ್ದೆಲ್ಲ ಬಾಯಿಗೇ. ಬದಲಿಗೆ ಕಡುಬಿಗೆ ಮಾಡುವಂತೆ ಅಕ್ಕಿ ಹಿಟ್ಟನ್ನು ಕುದಿಯುವ ನೀರಿನಲ್ಲಿ ಚೆನ್ನಾಗಿ ಬೇಯಿಸಿ ನಾದಿ, ಆರಿದ ಮೇಲೆ ಮಗುವಿನ ಮುಷ್ಟಿಗಿಂತ ದೊಡ್ಡ ಉಂಡೆ ಮಾಡಿ. ಬೀಟ್‌ರೂಟ್ ಬೇಯಿಸಿದ ನೀರು ಬೆರೆಸಿದರೆ ಗುಲಾಬಿ ಬಣ್ಣ. ಉಂಡೆಯನ್ನು ನೀವು ಹಿಡಿದುಕೊಂಡಿರಿ, ಅದು ಬೆರಳು ಊರಲಿ, ತಟ್ಟಲಿ. ಚೂರು ಕಿತ್ತುಬಂದರೆ ಆಗಲೇ ತೆಗೆಯಿರಿ, ಅಂಟು ಹಿಟ್ಟು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬಣ್ಣದಾಟಕ್ಕೆ ಇನ್ನೂ ಸುಲಭದ ದಾರಿಯಿದೆ. ಸಕ್ಕರೆ ಬೆಲ್ಲ ಹಾಕದ ರಾಗಿ ಮಣ್ಣಿ ಒಂದು ಬದಿಗೆ, ಅಕ್ಕಿಯ ಗಂಜಿ ಇನ್ನೊಂದು ಬದಿಗೆ, ನಡುವೆ ಅಗಲವಾದ ಸ್ಟೀಲ್ ತಟ್ಟೆ. ಕಪ್ಪೂ ಬಿಳಿಯೂ ಬೆರೆತು ಹರಡಿಕೊಂಡ ಮೇಲೆ ನೇರ ಸ್ನಾನಕ್ಕೆ ಒಯ್ಯಿರಿ.

ಸಂಜೆಗೆ ನಕ್ಷತ್ರ. ಬಾಗಿಲ ಮುಂದೆ ತೂಗುಹಾಕುವ ಕಾಗದದ ನಕ್ಷತ್ರವನ್ನು ಮಗು ನೋಡುತ್ತಿರುವಾಗ ಆರಿಸಿ, ಸ್ವಲ್ಪ ತಡೆದು ಮತ್ತೆ ಹಚ್ಚಿ. ಸುಮಾರು ಈ ವಯಸ್ಸಿನಲ್ಲೇ, ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದೆ ಎಂಬ ತಿಳಿವು ಮಕ್ಕಳಲ್ಲಿ ಬಲವಾಗುತ್ತದೆ. ಕತ್ತಲೆಯಲ್ಲಿ ನಕ್ಷತ್ರವಿದ್ದ ಜಾಗವನ್ನೇ ಅದು ದಿಟ್ಟಿಸುತ್ತಾ ಕಾಯುವುದನ್ನು ನೋಡಿದರೆ ನಿಮಗೇ ತಿಳಿಯುತ್ತದೆ. ಉಡುಗೊರೆ ಸುತ್ತುವಾಗಲೂ ಇದನ್ನೇ ಬಳಸಿಕೊಳ್ಳಿ: ಮಿನುಗು ಕಾಗದ, ಟೇಪು, ರಿಬ್ಬನ್ ಬಿಟ್ಟು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿಡಿ. ಬಟ್ಟೆ ಎಳೆದು ಒಳಗಿನದು ಹೊರಬಂದಾಗ ಆಗುವ ಸಂತೋಷ ದೊಡ್ಡದು, ಅದನ್ನು ಎಷ್ಟು ಸಲ ಬೇಕಾದರೂ ಮತ್ತೆ ಸುತ್ತಿ ಕೊಡಬಹುದು.

ಉಡುಗೊರೆ ಎರಡೋ ಮೂರೋ ಸಾಕು. ನಾನು ಕೊಡುವುದಾದರೆ ಮೊದಲನೆಯದು ಚನ್ನಪಟ್ಟಣದ ಗಿಲಕಿ. ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗನ್ನು ಒತ್ತಿ ಹಿಡಿದು ಹೊಳಪು ಕೊಟ್ಟ ಆಟಿಕೆ ಅದು. ಹಿಡಿಯಲು ಹಗುರ, ತುಟಿಗೆ ನುಣುಪು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ವಸ್ತುಗಳಿಗೆ ಇದರಿಂದ ವಿನಾಯಿತಿ ಇರುವುದರಿಂದ, ಗಿಲಕಿಯನ್ನು ತಯಾರಿಕೆಯ ಮೂಲ ಹೇಳಬಲ್ಲ ಅಂಗಡಿಯಿಂದ ಕೊಳ್ಳಿರಿ. ಎರಡನೆಯದು, ನೀವೇ ಜೋಡಿಸುವ ಒಂದು ಬಿದಿರಿನ ಬುಟ್ಟಿ: ಸ್ಟೀಲ್ ಲೋಟ, ಮರದ ಸೌಟು, ಮುಚ್ಚಳವಿರುವ ಡಬ್ಬಿ, ಉಣ್ಣೆಯ ಕಾಲುಚೀಲ, ಇಡೀ ಕಿತ್ತಳೆ ಹಣ್ಣು. ಬ್ರಿಟನ್ನಿನ ಶಿಶು ಶಿಕ್ಷಣ ತಜ್ಞೆ ಎಲಿನರ್ ಗೋಲ್ಡ್‌ಶ್ಮೀಡ್, ಕೂರಲು ಬಂದು ಇನ್ನೂ ತೆವಳದ ಮಕ್ಕಳಿಗೆ ಮನೆಬಳಕೆಯ ಇಂಥ ವಸ್ತುಗಳ ಬುಟ್ಟಿ ಕೊಡುವ ಕ್ರಮವನ್ನು ರೂಢಿಗೆ ತಂದರು. ಬುಟ್ಟಿ ಮುಂದಿಟ್ಟು ನೀವು ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ‘ಇದು ನೋಡು, ಅದು ನೋಡು’ ಎನ್ನಬೇಡಿ. ತನಗೆ ಬೇಕಾದದ್ದನ್ನು ಮಗುವೇ ಆರಿಸಲಿ.

ಅಜ್ಜಿ ತಾತ ಚಿನ್ನದ ಸರ ತಂದರೆ ಬೇಡ ಎನ್ನಲಾಗದು. ಫೋಟೋ ತೆಗೆದ ಕೂಡಲೇ ಬಿಚ್ಚಿಡಿ, ಕೊರಳಲ್ಲಿ ಹಾಕಿಕೊಂಡು ಮಲಗಿಸಬೇಡಿ. ಅವರಿಂದ ನೀವು ಕೇಳಿ ಪಡೆಯಬೇಕಾದ ಉಡುಗೊರೆ ಬೇರೆಯೇ ಇದೆ: ಅತ್ತೆಯವರು ತಮ್ಮ ಮಕ್ಕಳಿಗೆ ಹಾಡುತ್ತಿದ್ದ ಕೊಂಕಣಿ ಜೋಗುಳವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಅವರು ಊರಿಗೆ ಮರಳಿದ ಮೇಲೂ ಮಗಳು ಆ ದನಿ ಕೇಳುತ್ತಿರಲಿ.

ಯಾರು ತಂದರೂ ಮನೆಯೊಳಗೆ ಬಿಡಬಾರದವೂ ಇವೆ, ಈ ಮಾತನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಹಾಡುವ ಕಾರ್ಡು, ಮಿನುಗುವ ಸಾಂತಾ, ಚಿಕ್ಕ ರಿಮೋಟ್ ಇವುಗಳಲ್ಲಿರುವ ಗುಂಡಿಯಂಥ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನೀರಲ್ಲಿ ಹಾಕಿದರೆ ಉಬ್ಬುವ ಬಣ್ಣದ ಮಣಿಗಳನ್ನು ‘ಸೆನ್ಸರಿ’ ಎಂದು ಮಾರುತ್ತಾರೆ. ಅವು ಹೊಟ್ಟೆಯೊಳಗೂ ಉಬ್ಬಿ ಕರುಳು ಕಟ್ಟುತ್ತವೆ. ಬಲೂನು, ಗೋದಲಿಯ ಹಿಮದ ಹತ್ತಿ, ಮಿನುಗುಪುಡಿ, ದಾಲ್ಚಿನ್ನಿ ಪುಡಿಯ ಆಟ, 4 ಸೆಂ.ಮೀ.ಗಿಂತ ಚಿಕ್ಕದಾದ ಯಾವುದೇ ವಸ್ತು, ಎಲ್ಲವನ್ನೂ ದೂರವಿಡಿ. ಸೀರಿಯಲ್ ದೀಪದ ಸರ ಮಗುವಿನ ಕೈಗೆ ಎಟಕದಷ್ಟು ಎತ್ತರದಲ್ಲಿರಲಿ. ‘ಒಂದು ಚೂರು ನೆಕ್ಕಲಿ’ ಎನ್ನುವ ಹಿರಿಯರಿಗೆ ಮೊದಲೇ ಹೇಳಿಡಿ: ರಮ್ ಹಾಕಿದ ಕೇಕು ಕೂಡದು, ವರ್ಷ ತುಂಬುವವರೆಗೆ ಜೇನೂ ಕೂಡದು, ಇಡೀ ಗೋಡಂಬಿಯಂತೂ ಇನ್ನೂ ಕೆಲವು ವರ್ಷ ಬೇಡ.

ಈ ವಯಸ್ಸಿಗೆ ಅಪರಿಚಿತರ ಭಯ ಸಹಜ. ಗಡ್ಡದ ಸಾಂತಾನ ಕೈಗೆ ಮಗುವನ್ನು ಕೊಟ್ಟು ಅಳಿಸಿ ಫೋಟೋ ತೆಗೆಸಬೇಡಿ. ನಿಮ್ಮ ಹೆಗಲ ಮೇಲಿಂದಲೇ ದೂರದಿಂದ ನೋಡಲಿ. ಚರ್ಚಿನಲ್ಲಿ 24ರ ರಾತ್ರಿಯ ಬಲಿಪೂಜೆಗೆ ಮನೆಯಲ್ಲಿ ಒಬ್ಬರು ಹೋಗಿ ಬಂದು, ಮಗುವಿನೊಂದಿಗೆ ಇನ್ನೊಬ್ಬರು 25ರ ಬೆಳಗಿನ ಪೂಜೆಗೆ ಹೋಗಬಹುದು. ನೆಂಟರನ್ನು ಮಗುವಿನ ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ, ನಾಲ್ಕು ಗಂಟೆಯ ಹೊತ್ತಿಗೆ ಬರಲು ಹೇಳಿ. ರಾಗಿ ಬಿತ್ತುವುದಿದ್ದರೆ ಡಿಸೆಂಬರ್ 13ರ ಸುಮಾರಿಗೆ ಬಿತ್ತಿ. ಮೊಳಕೆ ಸರಿಯಾಗಿ ಬಾರದಿದ್ದರೆ ಇಲ್ಲಿಯೇ ಬರೆಯಿರಿ, ನೋಡಿ ಹೇಳುತ್ತೇನೆ.