ವಾರಕ್ಕೊಮ್ಮೆ ಥೆರಪಿ; ಉಳಿದ ಆರು ದಿನ?

ಪ್ರಶ್ನೆ: ಮಗನಿಗೆ 6 ವರ್ಷ. ಸೆರೆಬ್ರಲ್ ಪಾಲ್ಸಿಯಿಂದ (ಮಿದುಳಿಗಾದ ಹಾನಿಯಿಂದ ಚಲನೆಗೆ ಬರುವ ತೊಡಕು) ಎರಡೂ ಕಾಲು ಬಿಗಿ. ಗೋಡೆ ಹಿಡಿದು ತುದಿಗಾಲಲ್ಲಿ ನಡೆಯುತ್ತಾನೆ. ಬಿ.ಆರ್.ಸಿ.ಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ವಾರಕ್ಕೊಂದು ದಿನ ಫಿಸಿಯೋಥೆರಪಿ ಮಾಡಿಸುತ್ತೇವೆ. ಅಷ್ಟು ಸಾಕೇ? ಎ.ಎಫ್.ಓ. (ಪಾದ, ಕಣಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಕವಚ) ಹಾಕಿದರೆ ಅಳುತ್ತಾನೆ.
– ಒಬ್ಬ ತಾಯಿ, ಶಿರಾ ತಾಲ್ಲೂಕು

ಉತ್ತರ: ಸಾಲದಮ್ಮಾ. ಮಗು ಬೆಳೆಯುವಾಗ ಮೂಳೆಯಷ್ಟು ಬೇಗ ಬಿಗಿಯಾದ ಸ್ನಾಯು ಉದ್ದವಾಗುವುದಿಲ್ಲ. ಆದ್ದರಿಂದ ದಿನವಿಡೀ ಕಾಲು ಯಾವ ಭಂಗಿಯಲ್ಲಿರುತ್ತದೆ, ಎಷ್ಟು ದುಡಿಯುತ್ತದೆ ಎಂಬುದೇ ಮುಖ್ಯ. ಬಿ.ಆರ್.ಸಿ.ಯ ದಿನ ನೀವು ಕಲಿಯುವ ದಿನವಾಗಲಿ: ಪ್ರತಿ ವ್ಯಾಯಾಮವನ್ನೂ ಥೆರಪಿಸ್ಟರ ಎದುರು ನಿಮ್ಮ ಕೈಯಿಂದಲೇ ಮಾಡಿ ತೋರಿಸಿ.

ಮೀನಖಂಡ ಎಳೆಯುವಾಗ ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು ನೇರವಾಗಿಡಿ. ಹಿಮ್ಮಡಿ ನಿಮ್ಮ ಅಂಗೈಯಲ್ಲಿರಲಿ, ಅಂಗಾಲು ಮುಂಗೈಗೆ ಒರಗಿರಲಿ. ಹಿಮ್ಮಡಿಯನ್ನು ನಿಮ್ಮತ್ತ ಎಳೆಯುತ್ತ ಪಾದವನ್ನು ನಿಧಾನವಾಗಿ ಮೇಲಕ್ಕೆ ಬಾಗಿಸಿ, 30ರಿಂದ 60 ಸೆಕೆಂಡ್ ಹಿಡಿಯಿರಿ. ಒಂದೊಂದು ಕಾಲಿಗೆ ಐದು ಸಲ. ಬೆರಳಿನ ಬುಡವನ್ನು ಒತ್ತಬೇಡಿ. ಹಾಗೆ ಒತ್ತಿದರೆ ಪಾದ ನಡುವೆ ಮುರಿದಂತೆ ಬಾಗುತ್ತದೆ, ಹಿಮ್ಮಡಿ ಮಾತ್ರ ಮೇಲೆಯೇ ಉಳಿಯುತ್ತದೆ. ಜಗ್ಗಿದರೆ ಸ್ನಾಯು ಇನ್ನಷ್ಟು ಸೆಟೆಯುತ್ತದೆ. ಎಣ್ಣೆ ತಿಕ್ಕುವುದು ಹಿತವೇ ಹೌದು, ಅದರಿಂದ ಸ್ನಾಯು ಉದ್ದವಾಗದು.

ಒಂದಕ್ಕೇ ಸಮಯ ಸಿಗುವುದಾದರೆ ಎಳೆತ ಬಿಟ್ಟು ಇದನ್ನು ಮಾಡಿಸಿ: ಅಂಗಾಲು ಪೂರ್ತಿ ನೆಲಕ್ಕೂರುವ ಎತ್ತರದ ಸ್ಟೂಲ್ ಮೇಲೆ ಕೂರಿಸಿ, ಎದ್ದು ನಿಂತು ಮತ್ತೆ ಮೆಲ್ಲಗೆ ಕೂರುವುದು. 8–10 ಸಲ, ದಿನಕ್ಕೆ ಮೂರು ಹೊತ್ತು. ಹಿಮ್ಮಡಿ ಎದ್ದರೆ ಸ್ಟೂಲ್ ಸ್ವಲ್ಪ ಎತ್ತರಿಸಿ. ಊಟ, ಬರವಣಿಗೆಯೂ ಆ ಸ್ಟೂಲ್ ಮೇಲೆಯೇ ಆಗಲಿ. ಎರಡೂ ಕಾಲನ್ನು ಹಿಂದಕ್ಕೆ ಮಡಚಿ, ಪಾದಗಳ ನಡುವೆ ಕುಂಡೆಯೂರಿ ಕೂರುವ ಅಭ್ಯಾಸ ಮಾತ್ರ ಬೇಡ.

ಎ.ಎಫ್.ಓ. ಬಹುತೇಕ ಚುಚ್ಚುವುದು ಹಿಮ್ಮಡಿ ಹಿಂದಕ್ಕೆ ತಾಗದೆ ಉಳಿದಾಗ. ಮಡಿಕೆಯಿಲ್ಲದ ಹತ್ತಿ ಕಾಲುಚೀಲ ಹಾಕಿ, ಮೊಣಕಾಲು ಬಾಗಿಸಿ ಹಿಮ್ಮಡಿ ಕೂರಿಸಿ, ಮೊದಲು ಕಣಕಾಲಿನ ಪಟ್ಟಿ ಬಿಗಿಯಿರಿ. ಆರಂಭದಲ್ಲಿ ಒಂದು ಗಂಟೆ, ದಿನದಿನಕ್ಕೆ ಹೆಚ್ಚಿಸಿ. ಬಿಚ್ಚಿದ ಮೇಲೆ ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಅಥವಾ ಗುಳ್ಳೆ ಎದ್ದರೆ ಹಾಕಬೇಡಿ, ತಯಾರಿಸಿದವರಿಂದ ಸರಿಪಡಿಸಿಕೊಳ್ಳಿ. ಅಳುವ ಮಗುವಿಗೆ ಹಟ ಎನ್ನುವ ಮೊದಲು ಚರ್ಮ ನೋಡಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಇಂಥ ಮಕ್ಕಳ ಸೊಂಟದ ಕೀಲು ನೋವಿಲ್ಲದೆಯೇ ಜಾರುತ್ತ ಹೋಗಬಹುದು. ಸೊಂಟದ ಎಕ್ಸ್‌ರೇ ಎಷ್ಟು ತಿಂಗಳಿಗೊಮ್ಮೆ ಬೇಕೆಂದು ಮೂಳೆ ವೈದ್ಯರನ್ನು ಕೇಳಿ. ಜಿಲ್ಲಾ ಆಸ್ಪತ್ರೆಯ ಡಿ.ಇ.ಐ.ಸಿ.ಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ) ತೋರಿಸಬಹುದು.

ಪ್ರಶ್ನೆ: ಸೆರೆಬ್ರಲ್ ಪಾಲ್ಸಿ ಇದ್ದರೂ ನಡೆಯುತ್ತಿದ್ದ ಮಗಳು 13 ತುಂಬಿದ ಮೇಲೆ ಮೊಣಕಾಲು ಬಾಗಿಸಿ ನಡೆಯುತ್ತಾಳೆ, ಬೇಗ ಸುಸ್ತಾಗುತ್ತಾಳೆ. ಸೋಮಾರಿತನವೇ?
– ಒಬ್ಬ ತಂದೆ, ಹಾವೇರಿ

ಉತ್ತರ: ಖಂಡಿತ ಅಲ್ಲ. ಈ ವಯಸ್ಸಿನಲ್ಲಿ ಎತ್ತರ, ತೂಕ ಒಟ್ಟಿಗೆ ಏರುತ್ತವೆ. ತೊಡೆಯ ಹಿಂದಿನ ಸ್ನಾಯು ಬಿಗಿದು, ಮುಂದಿನದಕ್ಕೆ ಹೊರೆ ತಾಳುವ ಬಲ ಸಾಲದಾಗುತ್ತದೆ. ಮೂಳೆ ವೈದ್ಯರಿಗೆ ತಡಮಾಡದೆ ತೋರಿಸಿ. ಮೂರು ಚಕ್ರದ ಸೈಕಲ್, ಮೆಟ್ಟಿಲು ಹತ್ತುವುದು ಒಳ್ಳೆಯದು. ಶಾಲೆ ದೂರವಿದ್ದರೆ ಗಾಲಿಕುರ್ಚಿ ಕೊಡಿಸಲು ಹಿಂಜರಿಯಬೇಡಿ. ದಾರಿಯಲ್ಲಿ ಉಳಿದ ಶಕ್ತಿ ತರಗತಿಯಲ್ಲಿ ಅವಳಿಗೆ ಬೇಕಾಗುತ್ತದೆ.