ಡೇಟಾಬೇಸ್ ಜಾಬ್ ಫೇಲಾದಾಗ ನಾವು ಬರೆದ ಲಾಗ್ ಸಂದೇಶಗಳೂ ಯಾಕೆ ಮಾಯವಾಗುತ್ತವೆ?

ಲಾಗ್ ಸಾಲುಗಳೂ ಜಾಬ್‌ನ ಅದೇ ಟ್ರಾನ್ಸಾಕ್ಷನ್ (ಪೂರ್ತಿ ಉಳಿಯುವ ಇಲ್ಲವೇ ಪೂರ್ತಿ ರದ್ದಾಗುವ ಬದಲಾವಣೆಗಳ ಗುಂಪು) ಒಳಗೆ ಸೇರಿರುತ್ತವೆ, ಅದಕ್ಕೆ. ಎರರ್ ಬಂದು ರೋಲ್‌ಬ್ಯಾಕ್ ಆದಾಗ ಡೇಟಾಬೇಸ್ ಅಲ್ಲಿಯವರೆಗೆ ಮಾಡಿದ ಬದಲಾವಣೆಗಳನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತದೆ. ಇದು ಲಾಗ್ ಟೇಬಲ್, ಬಿಟ್ಟುಬಿಡೋಣ ಅಂತ ಅದಕ್ಕೆ ಗೊತ್ತಾಗೋದಿಲ್ಲ ಅಲ್ವಾ! ಹಾಗಾಗಿ ಸಂದೇಶ ಬೇಕೇ ಬೇಕಾದ ದಿನವೇ ಟೇಬಲ್ ಖಾಲಿ.

ಸಂದೇಶವನ್ನು ಆ ಟ್ರಾನ್ಸಾಕ್ಷನ್‌ನಿಂದ ಹೊರಗಿಡಬೇಕು. ಒರಾಕಲ್ ಡೇಟಾಬೇಸ್‌ನಲ್ಲಿ ಇದು ಸುಲಭ: ಲಾಗ್ ಬರೆಯುವ ಪ್ರೊಸೀಜರನ್ನು 'ಅಟಾನಮಸ್ ಟ್ರಾನ್ಸಾಕ್ಷನ್' ಎಂದು ಘೋಷಿಸಿದರೆ ಅದು ತನ್ನದೇ ಕಮಿಟ್ ಮಾಡಿಕೊಳ್ಳುತ್ತದೆ, ಅಂದರೆ ತಾನು ಬರೆದದ್ದನ್ನು ಬೇರೆಯಾಗಿ ಖಾಯಂ ಮಾಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅಂಥದ್ದಿಲ್ಲ. ಆದರೆ ಅಲ್ಲಿನ ಟೇಬಲ್ ವೇರಿಯಬಲ್‌ಗೆ (ಕೋಡ್ ಓಡುವಾಗ ಮಾತ್ರ ಇರುವ ತಾತ್ಕಾಲಿಕ ಟೇಬಲ್) ರೋಲ್‌ಬ್ಯಾಕ್ ತಟ್ಟುವುದಿಲ್ಲ. ಸಂದೇಶಗಳನ್ನು ಮೊದಲು ಅದರಲ್ಲಿ ಕೂಡಿಡಿ. ಕ್ಯಾಚ್ ಬ್ಲಾಕ್‌ನಲ್ಲಿ (ಎರರ್ ಬಂದಾಗ ಓಡುವ ಕೋಡ್) ರೋಲ್‌ಬ್ಯಾಕ್ ಮಾಡಿದ ಮೇಲೆ ನಿಜವಾದ ಲಾಗ್ ಟೇಬಲ್‌ಗೆ ಸುರಿಯಿರಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಾದರೆ 'ರೈಸ್ ಲಾಗ್' ಎಂಬ ಆದೇಶ ಸಾಕು. ಅದು ಸರ್ವರ್‌ನ ಲಾಗ್ ಫೈಲ್‌ಗೆ ಹೋಗುತ್ತದೆ, ಫೈಲಿಗೆ ರೋಲ್‌ಬ್ಯಾಕ್ ಇಲ್ಲ. 'ರೈಸ್ ನೋಟಿಸ್' ಬರೆದರೆ ಮಾತ್ರ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದು ಫೈಲ್ ಸೇರುವುದಿಲ್ಲ.

ಸುಮ್ನೆ 'ಪ್ರಿಂಟ್' ಹಾಕಿದರೆ ಸಾಲದೇ? ಎಸ್‌ಕ್ಯೂಎಲ್ ಸರ್ವರ್ ಏಜೆಂಟ್‌ನಲ್ಲಿ (ಜಾಬ್‌ಗಳನ್ನು ಓಡಿಸುವ ಸೇವೆ) ಅದು ಜಾಬ್ ಹಿಸ್ಟರಿಗೆ ಹೋಗುತ್ತದೆ ನಿಜ, ಆದರೆ ಅಲ್ಲಿನ ಸಂದೇಶದ ಕಾಲಂ 4000 ಅಕ್ಷರಕ್ಕೆ ಮುಗಿಯುತ್ತದೆ. ಲೂಪ್ ಒಳಗೆ ಪ್ರಿಂಟ್ ಮಾಡಿದರೆ ಅದು ಬೇಗನೆ ತುಂಬಿ, ಕೊನೆಯ ಸಾಲುಗಳೇ ಕತ್ತರಿಸಿ ಹೋಗುತ್ತವೆ. ಔಟ್‌ಪುಟ್ ಜಾಸ್ತಿ ಇದ್ದರೆ ಜಾಬ್ ಸ್ಟೆಪ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ಫೈಲ್ ಹೆಸರು ಕೊಡಿ, ಪೂರ್ತಿ ಅದರಲ್ಲಿ ಸಿಗುತ್ತದೆ.